ಪರಿಚಯಿಸಿದ್ದು ಸಾಕು, ಇನ್ನು ಬಿಡಿ

ಜೂನ್‌ನಲ್ಲಿ ಮಳೆ ಹಿಡಿಯಿತು ಅಂದರೆ ಪಟ್ಟಿಗಳೂ ಹಿಡಿದವು ಎಂದೇ ಲೆಕ್ಕ. ‘ಈ ಮಳೆಗಾಲದಲ್ಲಿ ನೋಡಲೇಬೇಕಾದ ಹತ್ತು ಜಲಪಾತಗಳು’, ‘ಯಾರೂ ಕಾಣದ ಉತ್ತರ ಕನ್ನಡ’, ‘ಬೆಂಗಳೂರಿನಿಂದ ಒಂದೇ ರಾತ್ರಿಯ ದಾರಿ’. ಪುರವಣಿಗಳಲ್ಲಿ ಹಾಲ್ನೊರೆ ಧುಮ್ಮಿಕ್ಕುತ್ತದೆ, ಹಸಿರ ಸಿರಿ ಕೈಬೀಸಿ ಕರೆಯುತ್ತದೆ, ಪ್ರಕೃತಿಮಾತೆ ಮೈದುಂಬಿ ನಿಲ್ಲುತ್ತಾಳೆ. ಮೊಬೈಲಿನಲ್ಲಿ ಡ್ರೋನ್ ಹಾರುತ್ತದೆ, ಹಿಂದಿನಿಂದ ಯಾವುದೋ ಸಿನಿಮಾ ಹಾಡು, ಕೊನೆಗೊಂದು ಮ್ಯಾಪಿನ ಲಿಂಕು. ಉಂಚಳ್ಳಿ, ಮಾಗೋಡು, ಸಾತೊಡ್ಡಿಗಳ ಸರದಿ ಎಂದೋ ಮುಗಿಯಿತು. ಬೆಣ್ಣೆಹೊಳೆ, ಬುರುಡೆ, ಶಿವಗಂಗಾ ಕೂಡ ಹಳತಾದವು. ಈಗ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಹೆಸರೇ ಇಲ್ಲದ, ಊರವರು ‘ಕೆಳಗಿನ ಹಳ್ಳ’, ‘ಭಟ್ರ ಮನೆ ಹಿಂದಿನ ಅಬ್ಬಿ’ ಎಂದಷ್ಟೇ ಕರೆಯುವ ಜಾಗಗಳ ಪಾಳಿ.

ಇಷ್ಟೇ ಆಗಿದ್ದರೆ ಸಹಿಸಿಕೊಳ್ಳಬಹುದಿತ್ತು. ಸಹಿಸಲಾಗದ್ದು ಇದರ ಬೆನ್ನಿಗೆ ನಿಂತಿರುವ ಒಮ್ಮತ. ನಮ್ಮ ಜಿಲ್ಲೆಯಲ್ಲಿ ಯಾವ ವಿಷಯಕ್ಕೂ ಎಲ್ಲರೂ ತಲೆಯಾಡಿಸಿದ್ದಿಲ್ಲ. ಅಡಿಕೆ ಆಮದಿನ ಬಗ್ಗೆ ಜಗಳ, ಅರಣ್ಯ ಅತಿಕ್ರಮಣದ ಬಗ್ಗೆ ಜಗಳ, ಪ್ರತ್ಯೇಕ ಶಿರಸಿ ಜಿಲ್ಲೆ ಬೇಕೋ ಬೇಡವೋ ಎಂದು ಮತ್ತೊಂದು ಜಗಳ. ಆದರೆ ‘ಪ್ರವಾಸೋದ್ಯಮ ಬೆಳೆದರೆ ಜಿಲ್ಲೆ ಉದ್ಧಾರ’ ಎಂಬ ಮಾತು ಬಂದ ಕೂಡಲೇ ಎಲ್ಲ ಪಕ್ಷದವರೂ, ಸಂಘ-ಸಂಸ್ಥೆಯವರೂ, ಪತ್ರಕರ್ತರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾರೆ. ಉದ್ಘಾಟನೆ ಯಾವುದೇ ಇರಲಿ, ಭಾಷಣದಲ್ಲಿ ಒಂದು ವಾಕ್ಯ ಖಾಯಂ: ‘ನಮ್ಮಲ್ಲಿ ಇಷ್ಟೆಲ್ಲ ಅಜ್ಞಾತ ತಾಣಗಳಿವೆ, ಅವನ್ನು ಜಗತ್ತಿಗೆ ಪರಿಚಯಿಸಬೇಕು.’ ಚಪ್ಪಾಳೆ. ಯಾಕೆ ಪರಿಚಯಿಸಬೇಕು, ಪರಿಚಯವಾದ ಮೇಲೆ ಏನಾಯಿತು, ಯಾರನ್ನು ಕೇಳಿ ಪರಿಚಯಿಸಿದಿರಿ ಎಂದು ಯಾರೂ ಎದ್ದು ಕೇಳುವುದಿಲ್ಲ. ಕೇಳಿದವನು ಅಭಿವೃದ್ಧಿ ವಿರೋಧಿ.

ಆಗಲಿ, ಆ ಬಿರುದು ನನಗಿರಲಿ. ಕೇಳುತ್ತೇನೆ.

ಮೊದಲನೆಯದಾಗಿ, ಯಾರಿಗೂ ಗೊತ್ತಿಲ್ಲ ಎಂದರೆ ಯಾರಿಗೆ ಗೊತ್ತಿಲ್ಲ? ಸಿದ್ದಾಪುರ ತಾಲೂಕಿನ ಹೆಗ್ಗರಣೆಯ ಬಳಿ ಅಘನಾಶಿನಿ ನದಿ 116 ಮೀಟರ್ ಕೆಳಗೆ ಬೀಳುವ ಜಾಗಕ್ಕೆ, ಅಂದರೆ ಈ ಉಂಚಳ್ಳಿಗೆ, ಊರವರು ಕೆಪ್ಪ ಜೋಗ ಎನ್ನುತ್ತಿದ್ದರು. ಹತ್ತಿರ ನಿಂತರೆ ಕಿವಿ ಕೆಪ್ಪಾಗುವಷ್ಟು ಸದ್ದು. 1845ರಲ್ಲಿ ಲಷಿಂಗ್ಟನ್ ಎಂಬ ಬ್ರಿಟಿಷ್ ಕಲೆಕ್ಟರ್ ಬಂದು ಅದನ್ನು ‘ಕಂಡುಹಿಡಿದ’. ಅಲ್ಲಿಂದ ಅದು ಲಷಿಂಗ್ಟನ್ ಫಾಲ್ಸ್. ಇವತ್ತಿಗೂ ಪ್ರವಾಸಿ ಕೈಪಿಡಿಗಳು ಆ ಕಲೆಕ್ಟರ್‌ನ ಸಾಹಸವನ್ನು ಭಕ್ತಿಯಿಂದ ಬರೆಯುತ್ತವೆ. ಅವನಿಗೆ ದಾರಿ ತೋರಿಸಿದವನೊಬ್ಬ ಇದ್ದಿರಲೇಬೇಕಲ್ಲ, ಅವನ ಹೆಸರು ಯಾವ ಕೈಪಿಡಿಯಲ್ಲೂ ಇಲ್ಲ. ಇಂದು ಡ್ರೋನ್ ಹಿಡಿದು ಬರುವ ಹುಡುಗ ಮಾಡುವುದೂ ಇದನ್ನೇ. ಕಲೆಕ್ಟರ್‌ಗೆ ಕುದುರೆ ಇತ್ತು, ಇವನಿಗೆ ಎಸ್‌ಯುವಿ ಇದೆ. ಇಬ್ಬರಿಗೂ ತಾವು ಕಾಲಿಟ್ಟ ಮೇಲೆಯೇ ಜಾಗ ಹುಟ್ಟಿತು ಎಂಬ ಭ್ರಮೆ. ವ್ಯತ್ಯಾಸ ಒಂದೇ: ಲಷಿಂಗ್ಟನ್ ಹಿಂದೆ ಮರುವಾರವೇ ಐನೂರು ಕಾರು ಬರಲಿಲ್ಲ.

ಘಟ್ಟದ ಮೇಲೆ ಯಾವ ಹಳ್ಳಕ್ಕೆ ಒಡೆಯರಿಲ್ಲ? ಅಬ್ಬಿಯ ನೆತ್ತಿಯ ಮೇಲೊಂದು ಚೌಡಿಯ ಕಲ್ಲು, ತುಸು ಪಕ್ಕಕ್ಕೆ ಜಟಗನದ್ದು, ಆಚೆ ದೇವರ ಕಾನು. ಅಲ್ಲಿ ವರ್ಷಕ್ಕೊಮ್ಮೆ ಪೂಜೆ, ಯಾರು ಮಾಡಬೇಕು, ಯಾರು ಕಾಯಿ ಕೊಡಬೇಕು ಎಂಬುದಕ್ಕೂ ಕಟ್ಟಳೆ. ಕೆಳಗೆ ಯಾರ ತೋಟಕ್ಕೆ ಮೊದಲು ನೀರು, ಬೇಸಿಗೆಯಲ್ಲಿ ಯಾರು ಎಷ್ಟು ಹೊತ್ತು ತಿರುಗಿಸಿಕೊಳ್ಳಬೇಕು ಎಂಬುದಕ್ಕೆ ತಲೆತಲಾಂತರದ ಪಾಳಿ. ಇದನ್ನೆಲ್ಲ ಒರೆಸಿ ಹಾಕಿ ‘ಅಸ್ಪೃಶ್ಯ ಸೌಂದರ್ಯ’, ‘ಮಾನವನ ಸ್ಪರ್ಶವಿಲ್ಲದ ಕಾಡು’ ಎಂದು ಬರೆಯುವ ಲೇಖನಿಗೆ ಎಷ್ಟು ಧೈರ್ಯ! ನಿಮ್ಮ ಸ್ವರ್ಗದಲ್ಲಿ ನಾವು ಬೆಳಿಗ್ಗೆ ದರಕು ಗುಡಿಸುತ್ತೇವೆ ಸ್ವಾಮೀ.

ಈ ಸೀಮೆಯ ರಚನೆಯನ್ನು ಒಮ್ಮೆ ನೋಡಿದರೆ ಸಂಕಟ ಎಲ್ಲಿದೆ ಎಂದು ತಿಳಿಯುತ್ತದೆ. ಮೇಲೆ ಬೆಟ್ಟ, ನಡುವೆ ಮನೆ, ಕೆಳಗೆ ಕಣಿವೆಯುದ್ದಕ್ಕೂ ಅಡಿಕೆ ತೋಟ, ತೋಟದ ನಡುವೆ ಹಳ್ಳ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟ ಎಂದು ಬ್ರಿಟಿಷರ ಕಾಲದಿಂದ ಬಂದ ಹಕ್ಕು ಇದೆ. ಆ ಬೆಟ್ಟದಿಂದಲೇ ಸೊಪ್ಪು, ಆ ಬೆಟ್ಟದಿಂದಲೇ ನೀರು. ಎಷ್ಟೋ ಮನೆಗಳಿಗೆ ಇವತ್ತೂ ಪಂಪಿಲ್ಲ, ಬಾವಿಯಿಲ್ಲ. ಮೇಲಿನ ಒರತೆಗೆ ಪೈಪು ಹಾಕಿ ಬಿಟ್ಟರೆ ನೀರು ತಾನಾಗಿ ಅಡುಗೆಮನೆ ತನಕ ಇಳಿದು ಬರುತ್ತದೆ. ಪಂಚಾಯಿತಿ ಹಾಕಿಸಿದ ಯೋಜನೆ ಅಲ್ಲ, ಅಜ್ಜ ಹಾಕಿದ ದಬ್ಬೆಯ ಜಾಗದಲ್ಲಿ ಮೊಮ್ಮಗ ಪ್ಲಾಸ್ಟಿಕ್ ಪೈಪು ಹಾಕಿದ್ದು. ಈಗ ಆ ಒರತೆಯ ಮೇಲ್ಗಡೆ ಒಂದು ‘ಹಿಡನ್’ ಜಲಪಾತ ಪತ್ತೆಯಾಗಿದೆ. ಭಾನುವಾರ ಸಂಜೆ ಪೈಪಿನ ಬಾಯಿಗೆ ಹೋಗಿ ನೋಡಿ. ಚಿಪ್ಸಿನ ಪೊಟ್ಟಣ, ಶಾಂಪೂ ಚೀಟಿ, ಬಿರಿಯಾನಿ ಡಬ್ಬಿ, ಹೇಳಲು ನಾಚಿಕೆಯಾಗುವ ಇನ್ನೇನೇನೋ. ಇವೆಲ್ಲ ಹೆಕ್ಕಿ ತೆಗೆಯಬಹುದು. ತೆಗೆಯಲಾಗದ್ದು ಗಾಜು. ಬಿಯರ್ ಬಾಟಲಿಯನ್ನು ಬಂಡೆಗೆ ಹೊಡೆದು ಒಡೆಯುವುದರಲ್ಲಿ ಏನು ಸುಖವಿದೆಯೋ ನನಗೆ ಇದುವರೆಗೆ ಅರ್ಥವಾಗಿಲ್ಲ. ಒಂದು ದೊಡ್ಡ ಮಳೆ ಬಂದರೆ ಆ ಚೂರುಗಳೆಲ್ಲ ಕೊಚ್ಚಿಕೊಂಡು ತೋಟದ ಕಾದಿಗೆಗೆ ಇಳಿಯುತ್ತವೆ, ಕೆಸರಿನಲ್ಲಿ ಹುದುಗುತ್ತವೆ. ಕೊಳೆರೋಗಕ್ಕೆ ಮದ್ದು ಹೊಡೆಯಲು ಬಂದ ಕೊನೆಗೌಡ ಬರಿಗಾಲಲ್ಲಿ ಮರ ಹತ್ತಬೇಕು, ಬರಿಗಾಲಲ್ಲೇ ಇಳಿಯಬೇಕು. ಇಳಿದ ಕಾಲು ಸೀಳಿದರೆ ಅವನಿಗೆ ಹದಿನೈದು ದಿನ ಕೂಲಿಯಿಲ್ಲ, ನನಗೆ ಆ ಸಲದ ಮದ್ದಿಲ್ಲ, ಮರಕ್ಕೆ ಕೊನೆಯಿಲ್ಲ. ಇದು ಯಾವ ಇಲಾಖೆಯ ನಷ್ಟದ ಪಟ್ಟಿಯಲ್ಲಿ ಬರುತ್ತದೆ?

ಹೆಂಗಸರ ಮಾತನ್ನಂತೂ ಯಾರೂ ಕೇಳಿಯೇ ಇಲ್ಲ. ಹೊಳೆಗೆ ಬಟ್ಟೆ ಒಗೆಯಲು ಹೋಗುತ್ತಿದ್ದವರು, ಗದ್ದೆ ಕೆಲಸ ಮುಗಿಸಿ ಹಳ್ಳದಲ್ಲಿ ಮಿಂದು ಬರುತ್ತಿದ್ದವರು ಈಗ ಆಕಾಶ ನೋಡಿ ಕಾಲಿಡಬೇಕು. ತಲೆಯ ಮೇಲೆ ಗುಂಯ್ ಎಂದು ಹಾರುವ ಆ ಯಂತ್ರದೊಳಗೆ ತಾವು ಎಷ್ಟು ಹೊಕ್ಕಿದ್ದೇವೆ, ಯಾವ ಊರಿನ ಯಾರ ಮೊಬೈಲಿನಲ್ಲಿ ಓಡಾಡುತ್ತಿದ್ದೇವೆ ಎಂದು ಅವರಿಗೆ ಗೊತ್ತಿಲ್ಲ. ಹೋಗುವುದನ್ನೇ ಬಿಟ್ಟಿದ್ದಾರೆ. ಮನೆಯಂಗಳದ ಆಚೆ ಅವರಿಗೆಂದು ಇದ್ದ ಒಂದೇ ಜಾಗ ಅದಾಗಿತ್ತು. ಪರಿಚಯಿಸಿದವರಿಗೆ ಇದೂ ಪರಿಚಯವಾಗಲಿ.

ನಮ್ಮ ಕೇರಿಯ ಹಿರಿಯರೊಬ್ಬರು ಒಂದೇ ಮಾತಿನಲ್ಲಿ ಮುಗಿಸಿದರು: ‘ಮುಂಚೆ ಹಂದಿ ಬತ್ತಿತ್ತು, ಈಗ ಕಾರು ಬತ್ತು. ಹಂದಿಗೆ ಬೇಲಿ ಹಾಕ್ಲಕ್ಕು ತಮಾ, ಕಾರಿಗೆ ಎಂತ ಹಾಕದು?’

ಈಗ ದುಡ್ಡಿನ ವಿಷಯ. ಊರಿಗೆ ಆದಾಯ ಬರುತ್ತದೆ, ಹುಡುಗರಿಗೆ ಕೆಲಸ ಸಿಗುತ್ತದೆ, ವೃದ್ಧಾಶ್ರಮದಂತಾದ ಹಳ್ಳಿಗಳಿಗೆ ಮಕ್ಕಳು ಮರಳುತ್ತಾರೆ ಎಂಬ ದೊಡ್ಡ ಆಸೆ. ಯಾವ ಆದಾಯ? ಬರುವವರು ಪೆಟ್ರೋಲನ್ನು ಹುಬ್ಬಳ್ಳಿಯಲ್ಲಿ ತುಂಬಿಸಿಕೊಂಡು, ತಿಂಡಿಯನ್ನು ದಾರಿಯ ಮಾಲ್‌ನಲ್ಲಿ ಕಟ್ಟಿಸಿಕೊಂಡು, ಬಾಟಲಿಯನ್ನು ಡಿಕ್ಕಿಯಲ್ಲಿಟ್ಟುಕೊಂಡು ಬರುತ್ತಾರೆ. ಊರಲ್ಲಿ ಖರ್ಚು ಮಾಡುವುದು ಪಾರ್ಕಿಂಗ್ ಚೀಟಿಗೆ, ಮ್ಯಾಗಿಗೆ, ಎಳನೀರಿಗೆ. ಅದರಲ್ಲೂ ಮಳೆಗಾಲದ ನಾಲ್ಕು ತಿಂಗಳು, ಅದರಲ್ಲೂ ವಾರದಲ್ಲಿ ಎರಡೇ ದಿನ. ಉಳಿದ ದಿನ ಮ್ಯಾಗಿ ಅಂಗಡಿಯ ಹುಡುಗ ಏನು ಮಾಡಬೇಕು? ಮೂರು ಮಳೆಗಾಲ ಕಾದು ನಾಲ್ಕನೆಯದಕ್ಕೆ ಅವನೂ ಬೆಂಗಳೂರಿನ ಬಸ್ಸು ಹತ್ತುತ್ತಾನೆ.

ಹೋಂಸ್ಟೇ ಇದೆಯಲ್ಲ ಎನ್ನುತ್ತೀರಿ. ಸ್ವಂತ ಮನೆಯಲ್ಲಿ ಎರಡು ಕೋಣೆ ಚೊಕ್ಕ ಮಾಡಿ, ಹೆಂಡತಿಯ ಕೈಯ ತಂಬುಳಿ, ಅಪ್ಪೆಹುಳಿ, ತೊಡದೇವು ಬಡಿಸಿ ನಾಲ್ಕು ಕಾಸು ಮಾಡಿಕೊಳ್ಳುವವರ ಬಗ್ಗೆ ನನಗೆ ಗೌರವವೇ ಇದೆ (ಆ ತಂಬುಳಿಗೆ ಬೆಳಿಗ್ಗೆ ನಾಲ್ಕಕ್ಕೇ ಎದ್ದು ಒಲೆ ಉರಿಸಿದವಳಿಗೆ ಪಾಲು ಎಷ್ಟು ಎಂಬ ಪ್ರಶ್ನೆಯನ್ನು ಸದ್ಯಕ್ಕೆ ಬದಿಗಿಡುತ್ತೇನೆ). ಆದರೆ ಆಟ ಅವರ ಕೈಯಲ್ಲಿ ಎಷ್ಟು ದಿನ? 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು, ಕೃಷಿಕರಲ್ಲದವರು ಕೃಷಿ ಭೂಮಿ ಕೊಳ್ಳಲು ಇದ್ದ ಅಡ್ಡಿಯನ್ನು ಸರ್ಕಾರ ತೆಗೆದು ಹಾಕಿತು. ಎಲೆಚುಕ್ಕಿ ರೋಗ ಬಂದು ತೋಟ ಸೊರಗುತ್ತಿದೆ, ಮಕ್ಕಳು ಊರಲ್ಲಿಲ್ಲ, ವಯಸ್ಸು ಎಪ್ಪತ್ತು ದಾಟಿದೆ. ಅಂಥ ಹೊತ್ತಲ್ಲಿ ಬಾಗಿಲಿಗೆ ಬರುವ ದಲ್ಲಾಳಿ ‘ನಿಮ್ಮ ಜಾಗದಿಂದ ಫಾಲ್ಸ್ ಕಾಣುತ್ತದಂತೆ’ ಎಂದು ಮಾತು ತೆಗೆಯುತ್ತಾನೆ. ಮುಂದಿನದು ಎಲ್ಲರೂ ನೋಡಿದ್ದೇ. ಮಾರಿದವನ ಮನೆಯ ಕೊಟ್ಟಿಗೆ ರೆಸಾರ್ಟಿನ ಊಟದ ಹಾಲ್ ಆಗುತ್ತದೆ, ತೋಟದಲ್ಲಿ ಕೆಲಸ ಮಾಡುತ್ತಿದ್ದವನು ಗೇಟಿನಲ್ಲಿ ಟೋಪಿ ಹಾಕಿ ಸಲಾಂ ಹೊಡೆಯುತ್ತಾನೆ. ಇನ್ನು ಯಲ್ಲಾಪುರದ ಕಡೆಯ ಸಿದ್ದಿಗಳ ಕುಣಿತ ಈಗ ಪ್ಯಾಕೇಜಿನಲ್ಲಿ ‘ಸಾಂಸ್ಕೃತಿಕ ಸಂಜೆ’. ಹೋರಾಡಿ 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ ಜನ, ಕ್ಯಾಂಪ್‌ಫೈರಿನ ಸುತ್ತ ಯಾರದೋ ಹುಟ್ಟುಹಬ್ಬಕ್ಕೆ ಡಮಾಮಿ ಬಾರಿಸಬೇಕು. ಉದ್ಯೋಗ ಎಂದರೆ ಇದೇ ಏನು?

ಶಿರಸಿ ಬೆಳೆದದ್ದು ಯಾರಿಂದ ಎಂದು ಒಮ್ಮೆ ನೆನಪು ಮಾಡಿಕೊಳ್ಳೋಣ. 1923ರಲ್ಲಿ ಅಡಿಕೆ ಬೆಳೆಗಾರರು ಸೇರಿ ತೋಟಗಾರ್ಸ್ ಸೇಲ್ ಸೊಸೈಟಿ ಕಟ್ಟಿಕೊಂಡರು. ದಲ್ಲಾಳಿಯ ಕೈಯಿಂದ ತಪ್ಪಿಸಿಕೊಂಡ ಆ ದುಡ್ಡಿನಿಂದ ಮಕ್ಕಳು ಓದಿದರು, ಮನೆಗೆ ಹೆಂಚು ಬಂತು, ಪೇಟೆ ಬೆಳೆಯಿತು. ‘ಸಿರ್ಸಿ ಸುಪಾರಿ’ಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅದರಿಂದ ಬೆಳೆಗಾರನಿಗೆ ಎಷ್ಟು ದಕ್ಕಿತು ಎಂದು ಯಾವ ಮಂತ್ರಿಯೂ ಕೇಳಿಲ್ಲ. ಎಲೆಚುಕ್ಕಿಗೆ ಮದ್ದು ಹುಡುಕುವುದು ಕಷ್ಟದ ಕೆಲಸ, ವರ್ಷಗಟ್ಟಲೆ ದುಡ್ಡು ಸುರಿಯಬೇಕು. ಸೆಲ್ಫಿ ಪಾಯಿಂಟ್ ಕಟ್ಟುವುದು ಸುಲಭ, ಒಂದೇ ಟೆಂಡರಿನಲ್ಲಿ ಮುಗಿಯುತ್ತದೆ, ರಿಬ್ಬನ್ ಕತ್ತರಿಸಲೂ ಬರುತ್ತದೆ.

ನನ್ನ ದೊಡ್ಡ ಆರೋಪ ಇದೇ. ಪ್ರವಾಸೋದ್ಯಮ ಎಂಬುದು ನಮ್ಮ ಜನಪ್ರತಿನಿಧಿಗಳಿಗೆ ಸಿಕ್ಕ ಅತ್ಯುತ್ತಮ ನೆಪ. 2022ರ ಜುಲೈನಲ್ಲಿ ಹೊನ್ನಾವರದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ಜನ ಸತ್ತರು. ಆಗ ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಕೊಡಿ ಎಂದು ಇಡೀ ಉತ್ತರ ಕನ್ನಡ ಕೂಗಿತು. ಎದೆನೋವು ಬಂದರೆ ಶಿರಸಿಯವರು ಇಂದೂ ನೂರು ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಓಡಬೇಕು, ಇಲ್ಲವೇ ಘಟ್ಟ ಇಳಿದು ಮಣಿಪಾಲಕ್ಕೆ. ಆ ಕೂಗಿಗೆ ಉತ್ತರವಾಗಿ ಬಂದದ್ದು ಭರವಸೆಗಳು. ಜಲಪಾತದ ಮೆಟ್ಟಿಲಿಗೆ, ಸ್ವಾಗತ ಕಮಾನಿಗೆ, ವೀಕ್ಷಣಾ ಗೋಪುರಕ್ಕೆ ಮಾತ್ರ ಅನುದಾನ ತಪ್ಪಿದ್ದಿಲ್ಲ. ಭಾನುವಾರ ಮಧ್ಯಾಹ್ನ ಒಂದೇ ವಾಹನ ಹಿಡಿಸುವ ಊರರಸ್ತೆಯಲ್ಲಿ, ಎರಡೂ ಬದಿ ಕಾರು ನಿಲ್ಲಿಸಿ ಮಾಲೀಕರು ನೀರಲ್ಲಿ ಕುಣಿಯುತ್ತಿರುವಾಗ, ಬಾಡಿಗೆ ಜೀಪಿನಲ್ಲಿ ಹೆರಿಗೆ ನೋವಿನವಳನ್ನು ಕೂರಿಸಿಕೊಂಡು ಹಾರ್ನು ಹೊಡೆದು ನೋಡಿ. ಆಗ ಗೊತ್ತಾಗುತ್ತದೆ, ಯಾರ ಅಭಿವೃದ್ಧಿ ಯಾರ ದಾರಿಗೆ ಅಡ್ಡ ನಿಂತಿದೆ ಎಂದು. ಸಂಜೆಯ ಬಸ್ಸನ್ನು ‘ಕಲೆಕ್ಷನ್ ಇಲ್ಲ’ ಎಂದು ನಿಲ್ಲಿಸಿದ ಊರಿಗೇ ‘ಪ್ರವಾಸಿ ತಾಣಕ್ಕೆ ದಾರಿ’ ಎಂಬ ಹೊಳೆಯುವ ಬೋರ್ಡು ಬಂದಿದೆ.

ಕಾನೂನಿನ ಕಣ್ಣು ಎಷ್ಟು ಚುರುಕು ನೋಡಿ. ಅರಣ್ಯ ಹಕ್ಕು ಕಾಯ್ದೆ 2006ರದು. ಪರಿಶಿಷ್ಟ ಪಂಗಡದವನಲ್ಲದ ಬಡವ ತಾನು ಉಳುವ ಹತ್ತು ಗುಂಟೆ ಬೆಟ್ಟದ ಜಾಗಕ್ಕೆ ಹಕ್ಕು ಕೇಳಿದರೆ ಮೂರು ತಲೆಮಾರಿನ, ಅಂದರೆ 75 ವರ್ಷದ ಪುರಾವೆ ತರಬೇಕು. ಓದು ಬರಹವಿಲ್ಲದ ಅಜ್ಜ ಯಾವ ಕಾಗದ ಇಟ್ಟಿದ್ದಾನು? ಜಿಲ್ಲೆಯಲ್ಲಿ ಸಾವಿರಾರು ಅರ್ಜಿಗಳು ಹೀಗೆ ತಿರಸ್ಕೃತವಾದವು. ಅವನು ಒಂದು ಸೋಗೆಯ ಮಾಡು ಕಟ್ಟಿದರೆ ಕಾಡು ನಾಶ, ಕೇಸು. ಅದೇ ಕಾಡಿನಲ್ಲಿ ಸಿಮೆಂಟಿನ ಮೆಟ್ಟಿಲು, ಸ್ಟೀಲಿನ ಕಟಾಂಜನ, ಇಂಟರ್‌ಲಾಕ್ ಹಾಸಿದ ಪಾರ್ಕಿಂಗ್ ಬಂದರೆ? ಅದಕ್ಕೆ ಹೆಸರು ಪರಿಸರ ಪ್ರವಾಸೋದ್ಯಮ! ಉಂಚಳ್ಳಿ, ಕತ್ತಲೆಕಾನುಗಳ ಸುತ್ತಲಿನ ಸುಮಾರು 300 ಚದರ ಕಿಲೋಮೀಟರ್ ಕಾಡನ್ನು 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶ ಎಂದು ಘೋಷಿಸಲಾಯಿತು. ಮರದಿಂದ ಮರಕ್ಕೆ ಹೋಗುವ, ನೆಲಕ್ಕಿಳಿಯಲು ಹೆದರುವ ಸಿಂಗಳೀಕ, ರಾಮಪತ್ರೆ ಜಡ್ಡಿಯ ಮೊಣಕಾಲುದ್ದದ ಬೇರುಗಳು ಎಲ್ಲ ಇರುವುದು ಅಲ್ಲಿ. ಆ ಜಡ್ಡಿಯ ಮೇಲೆ ಜನ ಓಡಾಡಿದರೆ ಸಸಿ ಏಳುವುದಿಲ್ಲ ಎಂದು ತಿಳಿಯಲು ವಿಜ್ಞಾನಿಯೇ ಆಗಬೇಕಿಲ್ಲ. ಸಿಂಗಳೀಕಕ್ಕೆ ಸೇರಿದ ಕಾಡಿನಲ್ಲಿ ಬ್ಲೂಟೂತ್ ಸ್ಪೀಕರಿಗೆ ಯಾವ ಪುರಾವೆಯೂ ಬೇಡವಾಯಿತಲ್ಲ!

ಸಾವಿನ ವಿಷಯಕ್ಕೆ ಬರೋಣ. ‘ಯಾರಿಗೂ ಗೊತ್ತಿಲ್ಲದ’ ಎಂದು ಕರೆದ ಜಾಗದಲ್ಲಿ ಸುಳಿ ಎಲ್ಲಿ, ಆಳ ಎಷ್ಟು, ಮೇಲೆ ಮಳೆ ಬಿದ್ದರೆ ನೀರು ಎಷ್ಟು ಬೇಗ ಏರುತ್ತದೆ ಎಂಬುದು ಬಂದವರಿಗೆ ನಿಜಕ್ಕೂ ಗೊತ್ತಿರುವುದಿಲ್ಲ. 2023ರ ಡಿಸೆಂಬರ್‌ನಲ್ಲಿ ಭೈರುಂಬೆ ಕಡೆಯ ಭೂತನಗುಂಡಿ ಎಂಬಲ್ಲಿ ಶಾಲ್ಮಲಾ ನದಿಯಲ್ಲಿ ಐವರು ಮುಳುಗಿದರು. ಅವರು ಶಿರಸಿಯವರೇ. ಹತ್ತಿರದವರಿಗೇ ಹೀಗಾದರೆ ಮುನ್ನೂರು ಮೈಲು ದೂರದಿಂದ ಒಂದು ವಿಡಿಯೊ ನಂಬಿ ಬಂದವರ ಕತೆ ಏನು? 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದ ಕಡಲಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ಹುಡುಗಿಯರು ಹೋದರು. ಆಮೇಲೆ ಕಡಲತೀರವನ್ನೇ ಮುಚ್ಚಿದರು. ಯಾವಾಗಲೂ ಆಮೇಲೆ. ಹೆಣ ಹುಡುಕಲು ರಾತ್ರಿ ಪೆಟ್ರೋಮ್ಯಾಕ್ಸ್ ಹಿಡಿದು, ಹಗ್ಗ ಕಟ್ಟಿಕೊಂಡು ನೀರಿಗಿಳಿಯುವವರು ಪರಿಚಯಿಸಿದವರಲ್ಲ, ಅದೇ ಊರಿನ ಹುಡುಗರು.

ಗುಡ್ಡಗಳೂ ಸುಮ್ಮನಿಲ್ಲ. 2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡಗಳು ತೋಟ ಮನೆಗಳ ಸಮೇತ ಜಾರಿದವು. ಅರಬೈಲ್ ಘಟ್ಟದಲ್ಲಿ ರಸ್ತೆ ಕುಸಿಯಿತು, ಗುಳ್ಳಾಪುರದ ಸೇತುವೆ ಕೊಚ್ಚಿಹೋಯಿತು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಬದಿಯ ಚಹಾದಂಗಡಿ, ವಾಹನಗಳೆಲ್ಲ ಗಂಗಾವಳಿ ನದಿಯ ಪಾಲಾದವು. ಮಾಗೋಡಿನಲ್ಲಿ ಬೀಳುವ ಬೇಡ್ತಿಯೇ ಅಲ್ಲಿ ಗಂಗಾವಳಿ. ಅದೇ ತಿಂಗಳು ವಯನಾಡಿನಲ್ಲಿ ಊರಿಗೆ ಊರೇ ಹೋಯಿತು. ಶಿರಸಿ-ಕುಮಟಾ ರಸ್ತೆಯ ದೇವಿಮನೆ ಘಟ್ಟ ಮಳೆಗಾಲದಲ್ಲಿ ಎಂದು ಮುಚ್ಚುತ್ತದೋ ಎಂದು ನಾವು ದಿನ ಬೆಳಗಾದರೆ ವಿಚಾರಿಸುತ್ತೇವೆ. ಸರಿಯಾಗಿ ಈ ತಿಂಗಳುಗಳಲ್ಲೇ ‘ಮಾನ್ಸೂನ್ ಟ್ರಿಪ್’! ಗುಡ್ಡ ಕಡಿದು ರಸ್ತೆ ಅಗಲ ಮಾಡಿ ಎನ್ನುವವರೂ ಇವರೇ, ಗುಡ್ಡದ ಚೆಲುವು ನೋಡಿ ಎನ್ನುವವರೂ ಇವರೇ.

ಮಳೆಗಾಲ ಮುಗಿದರೆ ಅಪಾಯ ಮುಗಿಯಿತೇ? ಚಳಿಗಾಲದಿಂದ ಬೇಸಿಗೆ ತನಕ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಾದ ಈ ಜ್ವರ ಇಂದಿಗೂ ಸಿದ್ದಾಪುರವನ್ನು ಬಿಟ್ಟಿಲ್ಲ, 2024ರಲ್ಲೂ ಅಲ್ಲಿ ಜೀವ ತೆಗೆಯಿತು. ಉಣ್ಣೆ ಕಚ್ಚದಿರಲೆಂದು ಕಾಡಿಗೆ ಹೋಗುವ ಮುನ್ನ ಮೈಗೆ ಎಣ್ಣೆ ಹಚ್ಚಿಕೊಳ್ಳಿ ಎಂದು ಆರೋಗ್ಯ ಇಲಾಖೆ ಊರವರಿಗೆ ಹೇಳುತ್ತದೆ. ಅದೇ ಕಾಡಿಗೆ ಚಡ್ಡಿ ಹಾಕಿಕೊಂಡು ಚಾರಣಕ್ಕೆ ಬನ್ನಿ ಎಂದು ಜಾಹೀರಾತು ಕರೆಯುತ್ತದೆ. ಒಂದೇ ಸರ್ಕಾರದ ಎರಡು ಇಲಾಖೆಗಳು ಪರಸ್ಪರ ಮಾತೇ ಆಡುವುದಿಲ್ಲವೇ?

ಇಷ್ಟಾದರೂ ಒಂದು ವಾದ ಉಳಿದಿದೆ, ಸುಶಿಕ್ಷಿತರ ಬಾಯಲ್ಲಿ ಬರುವಂಥದ್ದು: ಜನ ನೋಡಿದರೆ ತಾನೇ ಪ್ರೀತಿಸುವುದು, ಪ್ರೀತಿಸಿದರೆ ತಾನೇ ಉಳಿಸುವುದು? ಕೇಳಲು ಚೆಂದ. ಚರಿತ್ರೆ ಮಾತ್ರ ಬೇರೆಯೇ ಹೇಳುತ್ತದೆ. ಬೇಡ್ತಿಗೆ ಜಲವಿದ್ಯುತ್ ಯೋಜನೆ ಬಂದಾಗ, 1981ರ ಜನವರಿಯಲ್ಲಿ ಶಿರಸಿಯಲ್ಲಿ ವಿಜ್ಞಾನಿಗಳನ್ನೂ ಎಂಜಿನಿಯರರನ್ನೂ ಕೂರಿಸಿ ವಿಚಾರ ಸಂಕಿರಣ ಮಾಡಿದ್ದು ಅಡಿಕೆ ಬೆಳೆಗಾರರು, ಅವರ ಸಹಕಾರಿ ಸಂಘ. ಯೋಜನೆ ನಿಂತಿತು. ಇಲ್ಲದಿದ್ದರೆ ಮಾಗೋಡಿನ ಗತಿ ಗೇಟು ತೆರೆದಾಗ ಮಾತ್ರ ಮೈದುಂಬುವ ಜೋಗದ್ದೇ ಆಗುತ್ತಿತ್ತು. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿಯ ಬಳಿ ಕಳಸೆ ಕಾಡಿನಲ್ಲಿ ಕೊಡಲಿಯೆದುರು ಮರಗಳನ್ನು ಅಪ್ಪಿ ನಿಂತವರು ಆ ಊರಿನ ಹೆಂಗಸರು, ಗಂಡಸರು, ಹುಡುಗರು. ಪಾಂಡುರಂಗ ಹೆಗಡೆಯವರು ಮುಂದೆ ನಡೆಸಿದ ಅಪ್ಪಿಕೋ ಚಳವಳಿ ಹುಟ್ಟಿದ್ದು ಹಾಗೆ. ಅವರಲ್ಲಿ ಎಷ್ಟು ಮಂದಿ ಪ್ರವಾಸಿಗರಿದ್ದರು? ಈಗ ಬೇಡ್ತಿ-ವರದಾ ಜೋಡಣೆಯ ಹೆಸರಲ್ಲಿ ಮತ್ತೆ ನದಿಗೆ ಕೈ ಹಾಕಲು ಹೊರಟಿದ್ದಾರೆ. ಸ್ವರ್ಣವಲ್ಲೀ ಶ್ರೀಗಳ ಮುಂದಾಳತ್ವದಲ್ಲಿ ಘಟ್ಟದ ಜನ ಸಭೆ ಸೇರುತ್ತಿದ್ದಾರೆ. ಮಾಗೋಡಿನ ಮುಂದೆ ನಿಂತು ಲಕ್ಷ ಲೈಕು ಗಿಟ್ಟಿಸಿದ ಪ್ರಕೃತಿಪ್ರೇಮಿಗಳು ಆ ಸಭೆಗಳಿಗೆ ಯಾಕೆ ಬರಲಿಲ್ಲ? ಅಲ್ಲಿಗೆ ಮ್ಯಾಪಿನ ಲಿಂಕು ಸಿಗಲಿಲ್ಲವೇ?

‘ಹಾಗಾದರೆ ನೀವು ಕಾಶಿಗೆ, ಊಟಿಗೆ ಹೋಗುವುದಿಲ್ಲವೋ’ ಎಂಬ ಕುಚೋದ್ಯಕ್ಕೆ ಉತ್ತರ ಸರಳ. ಹೋಗುತ್ತೇವೆ, ಊಟಿಗೆ ಇ-ಪಾಸ್ ಮಾಡಿಸಿಕೊಂಡು ಹೋಗುತ್ತೇವೆ. ಮದ್ರಾಸ್ ಹೈಕೋರ್ಟು 2024ರ ಮೇನಿಂದ ಅಲ್ಲಿಗೂ ಕೊಡೈಕನಾಲಿಗೂ ಅದನ್ನು ಕಡ್ಡಾಯ ಮಾಡಿತು. ನಮ್ಮಲ್ಲೇ ಕುಮಾರ ಪರ್ವತಕ್ಕೆ 2024ರ ಜನವರಿಯಲ್ಲಿ ಜನ ಜಾತ್ರೆಯಂತೆ ನುಗ್ಗಿದ ಮೇಲೆ ಅರಣ್ಯ ಇಲಾಖೆ ಎಚ್ಚೆತ್ತು ಚಾರಣಕ್ಕೆ ಆನ್‌ಲೈನ್ ಬುಕಿಂಗ್, ದಿನಕ್ಕೆ 300 ಜನರ ಮಿತಿ ತಂದಿತು. ಪ್ರವಾಸೋದ್ಯಮವನ್ನು ನೆಚ್ಚಿಕೊಂಡ ದ್ವೀಪ ದೇಶ ಫಿಲಿಪ್ಪೀನ್ಸ್, ತನ್ನ ಕಿರೀಟದಂತಿದ್ದ ಬೊರಾಕಾಯ್ ದ್ವೀಪವನ್ನು 2018ರಲ್ಲಿ ಆರು ತಿಂಗಳು ಪೂರ್ತಿ ಮುಚ್ಚಿತು. ಹೋಟೆಲುಗಳ ಚರಂಡಿ ನೇರ ಸಮುದ್ರಕ್ಕೆ ಹರಿಯುತ್ತಿತ್ತು. ಥಾಯ್ಲೆಂಡಿನ ಮಾಯಾ ಬೇ 2018ರಲ್ಲಿ ಮುಚ್ಚಿದ್ದು 2022ರಲ್ಲಷ್ಟೇ ತೆರೆಯಿತು. ಅವರೆಲ್ಲ ಅಭಿವೃದ್ಧಿ ವಿರೋಧಿಗಳೋ?

ದೂರ ಯಾಕೆ, ಶಿರಸಿಯ ಮಾರಿಕಾಂಬೆಯನ್ನೇ ನೋಡಿ. ಎರಡು ವರ್ಷಕ್ಕೊಮ್ಮೆ ಜಾತ್ರೆ, ಲಕ್ಷಾಂತರ ಜನ. ಯಾರೂ ಬೇಡ ಎನ್ನುವುದಿಲ್ಲ. ಯಾಕೆಂದರೆ ಆ ಜನಜಂಗುಳಿಗೆ ಒಂದು ತಿಥಿ ಇದೆ, ಬಿಡಕಿಬಯಲು ಎಂಬ ಜಾಗ ಇದೆ, ಯಾರು ಏನು ಮಾಡಬೇಕು ಎಂಬ ಕಟ್ಟಳೆ ಇದೆ, ಹೊಣೆ ಹೊರುವ ಜನ ಇದ್ದಾರೆ. ಜಾತ್ರೆ ಮುಗಿದ ಮೇಲೆ ಚಪ್ಪರಕ್ಕೆ ಬೆಂಕಿ, ದೇವಸ್ಥಾನಕ್ಕೆ ಬಾಗಿಲು. ಯುಗಾದಿಯ ತನಕ ತಾಯಿಯೇ ದರ್ಶನ ಕೊಡುವುದಿಲ್ಲ. ದೇವಿಗೇ ಬಿಡುವು ಕೊಟ್ಟ ಊರು ಒಂದು ಹಳ್ಳಕ್ಕೆ ಬಿಡುವು ಕೊಡಲಾರದೇ?

ಸರ್ಕಾರದ ಕಲ್ಪನೆಯ ಬಡತನ ನೋಡಬೇಕಾದರೆ ಜೋಗಕ್ಕೆ ಹೋಗಿ. ಜಲಪಾತದ ಸುತ್ತ ಕೋಟಿಗಟ್ಟಲೆ ಕಾಮಗಾರಿ. 2025ರ ಆರಂಭದಲ್ಲಿ ಪ್ರವೇಶದ್ವಾರ ಕಟ್ಟುವುದಕ್ಕೆಂದು ಪ್ರವೇಶವನ್ನೇ ತಿಂಗಳುಗಟ್ಟಲೆ ನಿಲ್ಲಿಸಿದರು. ದ್ವಾರ ಮುಖ್ಯ, ಒಳಗಿರುವುದಲ್ಲ. ನಮ್ಮ ಅಬ್ಬಿಗಳಿಗೂ ಇದೇ ಬಗೆಯ ಉದ್ಧಾರ ಕಾದಿದೆ.

ಆದ್ದರಿಂದ, ಪುರವಣಿಯ ಸಂಪಾದಕರೇ, ಊರವರ ಒಪ್ಪಿಗೆಯಿಲ್ಲದ ಯಾವ ಹಳ್ಳದ ಹೆಸರನ್ನೂ, ದಾರಿಯನ್ನೂ ಅಚ್ಚು ಹಾಕಬೇಡಿ. ಒಂದು ವಾರದ ಅರ್ಧ ಪುಟಕ್ಕೆ ಒಂದು ಊರನ್ನು ಬಲಿ ಕೊಡುವಷ್ಟು ಸುದ್ದಿಯ ಬರ ನಿಮಗಿಲ್ಲ. ಪ್ರವಾಸೋದ್ಯಮ ಇಲಾಖೆಯವರೇ, ‘ಒಂದು ರಾಜ್ಯ, ಹಲವು ಜಗತ್ತು’ ಎನ್ನುವ ನಿಮ್ಮ ಜಗತ್ತುಗಳಲ್ಲಿ ಜನ ವಾಸಿಸುತ್ತಾರೆ. ಹೊಸ ತಾಣಗಳ ಪಟ್ಟಿ ಮಾಡುವುದನ್ನು ಇವತ್ತೇ ನಿಲ್ಲಿಸಿ. ಇರುವ ಉಂಚಳ್ಳಿ, ಮಾಗೋಡು, ಸಾತೊಡ್ಡಿಗಳಿಗೆ ದಿನಕ್ಕೆ ಇಷ್ಟೇ ಜನ ಎಂದು ಗೆರೆ ಹಾಕಿ. ಖಾಸಗಿ ಕಾರುಗಳು ಊರ ಹೆಬ್ಬಾಗಿಲಲ್ಲೇ ನಿಲ್ಲಲಿ. ಅಲ್ಲಿಂದ ಮುಂದೆ ಬಸ್ಸು ಓಡಲಿ, ಬರೀ ಶನಿವಾರ ಭಾನುವಾರ ಅಲ್ಲ, ಶಾಲೆಗೆ ಹೋಗುವ ಮಕ್ಕಳಿಗಾಗಿ ಸೋಮವಾರದಿಂದಲೂ. ಜುಲೈ-ಆಗಸ್ಟ್‌ನಲ್ಲಿ ಗುಡ್ಡ ಜಾರುವ ದಾರಿಗಳನ್ನು ಮುಚ್ಚಿ, ಹೆಣ ಬಿದ್ದ ಮೇಲಲ್ಲ, ಮೊದಲೇ. ಶಾಸಕರೇ, ಮಂತ್ರಿಗಳೇ, ಆಸ್ಪತ್ರೆಯ ಅಡಿಗಲ್ಲು ನಿಜವಾಗುವ ತನಕ ಇನ್ನೊಂದು ವೀಕ್ಷಣಾ ಗೋಪುರಕ್ಕೆ ಕಾಯಿ ಒಡೆಯಬೇಡಿ. ಒಡೆಯಲು ಬಂದರೆ ನಾವು ಬರುವುದಿಲ್ಲ, ಚಪ್ಪಾಳೆ ತಟ್ಟಲು ಜನರನ್ನೂ ನೀವೇ ಕರೆತನ್ನಿ.

ಹೆಚ್ಚು ಹೇಳಬೇಕಾದ್ದು ನಮ್ಮವರಿಗೇ. ಗ್ರಾಮಸಭೆ ಎಂಬ ಅಸ್ತ್ರ ನಮ್ಮ ಕೈಯಲ್ಲಿದೆ, ಅದನ್ನು ಕೋರಂ ಇಲ್ಲದೆ ಮುಂದೂಡುವುದಕ್ಕೆ ಮಾತ್ರ ಬಳಸಿದ್ದೇವೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಗೊಂದು ಜೀವವೈವಿಧ್ಯ ಸಮಿತಿ ಇರಬೇಕು. ನಿಮ್ಮ ಊರಿನ ಸಮಿತಿಯ ಅಧ್ಯಕ್ಷರು ಯಾರು ಗೊತ್ತೇ? ಅವರಿಗಾದರೂ ಗೊತ್ತೇ? ಬರುವ ಸಭೆಗೆ ಹೋಗಿ ಕೂತು ಕೇಳಿ. ಯಾವ ಅಬ್ಬಿಗೆ ಜನ ಬರಬಹುದು, ಯಾವುದಕ್ಕೆ ಬರಲೇಬಾರದು, ಬಂದವರಿಂದ ಎಷ್ಟು ಶುಲ್ಕ, ಆ ದುಡ್ಡು ಯಾವ ಖಾತೆಗೆ, ಡ್ರೋನಿಗೆ ಎಷ್ಟು ದಂಡ ಎಂದು ಠರಾವು ಬರೆಸಿ, ಪಿಡಿಒ ಸಹಿ ಹಾಕುವ ತನಕ ಏಳಬೇಡಿ. ಠರಾವಿನ ಪ್ರತಿಯನ್ನು ಜಿಲ್ಲಾಧಿಕಾರಿಗೂ ಪ್ರವಾಸೋದ್ಯಮ ಇಲಾಖೆಗೂ ಕಳಿಸಿ. ಉತ್ತರ ಬರದಿದ್ದರೆ ಅಧಿಕಾರಿಯನ್ನು ಸಭೆಗೇ ಕರೆಸಿ. ಬರುವಾಗ ಇಲಾಖೆಯ ಜೀಪು ಬೇಡ, ನಮ್ಮೂರಿಗೆ ಯಾವ ಬಸ್ಸಿದೆಯೋ ವಿಚಾರಿಸಿಕೊಂಡು ಅದರಲ್ಲೇ ಬರಲಿ.